ಹೈಬ್ರಿಡ್ ಕಾರೂ ಸರ್ಕಾರದ ಸಹಾಯಧನವೂ

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೂ ಮೋಟಾರು ಕಾರಿಗೂ ಏನು ಸಂಬಂಧ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸೀತು. ನನಗೂ ಹಾಗೆಯೇ ಅನ್ನಿಸಿತ್ತು. ಸ್ವಂತ ಕಾರನ್ನು ನಾನು ಎಂದೂ ಇಟ್ಟುಕೊಂಡವನಲ್ಲ. ಬಸವೇಶ್ವರನಗರದ ಮನೆಯಿಂದ ಕಾಲೇಜಿಗೆ ಮೂವತ್ತು ವರ್ಷ ಸಿಟಿ ಬಸ್ಸಿನಲ್ಲೇ ಓಡಾಡಿದವನು. ಆದರೆ ಈಚೆಗೆ ನನ್ನ ತಮ್ಮನ ಮಗ ಹೊಸ ಕಾರು ಕೊಳ್ಳಲು ಹೊರಟು, ಮಾರಾಟದವರು ಕೊಟ್ಟ ಬೆಲೆಪಟ್ಟಿಯನ್ನು ನನ್ನ ಮುಂದೆ ಹಿಡಿದ. "ದೊಡ್ಡಪ್ಪ, ಇದನ್ನು ಒಂದಿಷ್ಟು ನೋಡಿ. ಹೈಬ್ರಿಡ್ ಕಾರು, ಪೆಟ್ರೋಲು ಉಳಿಸತ್ತೆ ಅಂತಾರೆ. ತೆರಿಗೆ ನೋಡಿದರೆ ಪೆಟ್ರೋಲು ಕುಡಿಯೋ ಕಾರಿಗೂ ಇದಕ್ಕೂ ಒಂದೇ. ಸರ್ಕಾರ ಇದಕ್ಕೆ ಸಬ್ಸಿಡಿ ಕೊಡತ್ತೆ ಅಂತ ಕೇಳಿದ್ದೆನಲ್ಲ, ಅದೇನಾಯಿತು?" ಎಂದ. ನನಗೆ ಉತ್ತರ ತಿಳಿದಿರಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಅವನದೊಂದು ಸಣ್ಣ ವರ್ಕ್‌ಷಾಪು. ಎಂಟು ಜನ ಕೆಲಸಗಾರರು. ಎಂಜಿನ್ನಿಗೆ ಬೇಕಾಗುವ ಪುಟ್ಟ ಉಕ್ಕಿನ ಭಾಗಗಳನ್ನು ಲೇತಿನಲ್ಲಿ ಕಡೆದು ಪೀಣ್ಯದ ಒಂದು ಕಾರ್ಖಾನೆಗೆ ಕೊಡುತ್ತಾನೆ. ಅಲ್ಲಿಂದ ಅವು ದೊಡ್ಡ ಕಾರ್ಖಾನೆಗಳಿಗೆ ಹೋಗುತ್ತವೆ. "ಮೇಷ್ಟ್ರೇ, ಹೊಸ ಮೆಷೀನು ಹಾಕೋಣ ಅಂತಿದೀನಿ. ಸಾಲ ತೀರಿಸೋಕೆ ಏಳು ವರ್ಷ. ಏಳು ವರ್ಷ ಎಂಜಿನ್ ಅನ್ನೋದು ಇರತ್ತಾ, ಇಲ್ಲ ಎಲ್ಲಾ ಬ್ಯಾಟರಿಯೇ ಆಗಿಬಿಡತ್ತಾ? ನೀವು ದಿನಾ ಪೇಪರು ಓದೋರು, ಸರ್ಕಾರದ ಮನಸ್ಸು ಯಾವ ಕಡೆ ಇದೆ ಹೇಳಿ" ಎಂದ. ನನ್ನ ತಂದೆಯವರು ಅದೇ ಬಡಾವಣೆಯಲ್ಲಿ ಲೇತಿನ ಮುಂದೆ ನಿಂತೇ ನಮ್ಮನ್ನು ಓದಿಸಿದವರು. ಹೀಗಾಗಿ ಆ ಪ್ರಶ್ನೆಯನ್ನು ನಾನು ಸುಮ್ಮನೆ ಬಿಡಲಾರದೆ ಹೋದೆ. ಪುಸ್ತಕ, ವರದಿಗಳನ್ನು ತಿರುವಿ ನಾನು ತಿಳಿದುಕೊಂಡದ್ದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹೈಬ್ರಿಡ್ ಎಂದರೇನು ಎಂಬುದನ್ನು ನೋಡೋಣ. ಬೇರೆ ಬೇರೆ ಜಾತಿಯ ಎರಡನ್ನು ಕೂಡಿಸಿ ಮಾಡಿದ್ದು ಎಂಬುದು ಆ ಮಾತಿನ ಅರ್ಥ. ನಮ್ಮ ರೈತರಿಗೆ ಹೈಬ್ರಿಡ್ ಜೋಳ, ಹೈಬ್ರಿಡ್ ಟೊಮೇಟೊಗಳಿಂದ ಅದು ಎಂದೋ ಪರಿಚಿತ. ಕನ್ನಡ ಓದಿದವರಿಗೆ ನೆನಪಾಗುವುದು ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದರೆ ಅದು ಅರಿಸಮಾಸ, ಎಂದರೆ ಪರಸ್ಪರ ಶತ್ರುಗಳ ಸಮಾಸ. ಹಳೆಯ ಲಾಕ್ಷಣಿಕರು ಅದನ್ನು ದೋಷವೆಂದು ಹೇಳಿದರು. ಹೇಳಿ, ಕೆಲವೆಡೆ ವಿನಾಯಿತಿಯನ್ನೂ ಕೊಟ್ಟರು. ಜನ ಮಾತ್ರ ಮಳೆಗಾಲ ಎನ್ನುವುದನ್ನು ಬಿಡಲಿಲ್ಲ. ಹೈಬ್ರಿಡ್ ಕಾರಿನ ಕಥೆಯೂ ಬಹುಮಟ್ಟಿಗೆ ಇದೇ. ಪೆಟ್ರೋಲ್ ಎಂಜಿನ್ನನ್ನೂ ವಿದ್ಯುತ್ ಮೋಟಾರನ್ನೂ ಒಂದೇ ಗಾಡಿಗೆ ಕಟ್ಟಿದ ಈ ವಾಹನವನ್ನು ಏನೆಂದು ಕರೆಯಬೇಕು, ಯಾವ ಪಂಕ್ತಿಯಲ್ಲಿ ಕೂರಿಸಬೇಕು ಎಂಬುದು ನಮ್ಮ ಸರ್ಕಾರಗಳಿಗೆ ಇನ್ನೂ ಬಗೆಹರಿದಿಲ್ಲ.

ಅದರ ಕೆಲಸದ ರೀತಿ ಕಷ್ಟವೇನಲ್ಲ. ಸಂಜೆ ಆರು ಗಂಟೆಗೆ ವಿಜಯನಗರದಿಂದ ಮಾಗಡಿ ರಸ್ತೆಗೆ ಬರುವ ಕಾರೊಂದನ್ನು ನೆನೆಸಿಕೊಳ್ಳಿ. ನಾಲ್ಕು ಮಾರು ಹೋಗುತ್ತದೆ, ನಿಲ್ಲುತ್ತದೆ. ಮತ್ತೆ ನಾಲ್ಕು ಮಾರು. ಸಾಮಾನ್ಯ ಕಾರಿನಲ್ಲಿ ಬ್ರೇಕು ಒತ್ತಿದಾಗಲೆಲ್ಲ ಓಟದ ಶಕ್ತಿ ಬರಿಯ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ನಿಂತಾಗ ಎಂಜಿನ್ ವ್ಯರ್ಥವಾಗಿ ಉರಿಯುತ್ತಿರುತ್ತದೆ. ಹೈಬ್ರಿಡ್ ಕಾರಿನಲ್ಲಿ ಬ್ರೇಕು ಒತ್ತಿದ ಕೂಡಲೆ ಮೋಟಾರು ಜನರೇಟರಾಗಿ ತಿರುಗಿ, ಆ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ತುಂಬುತ್ತದೆ. ಮತ್ತೆ ಹೊರಡುವಾಗ ಅದೇ ಶಕ್ತಿಯಿಂದ ಗಾಡಿ ಸದ್ದಿಲ್ಲದೆ ಮುಂದೆ ಸರಿಯುತ್ತದೆ. ವೇಗ ಹೆಚ್ಚಿದಾಗ, ಏರು ಹತ್ತುವಾಗ ಎಂಜಿನ್ ಬಂದು ಕೈಗೂಡಿಸುತ್ತದೆ. ಆದ್ದರಿಂದ ನಮ್ಮ ಊರಿನಂಥ ಗಿಜಿಗುಟ್ಟುವ ರಸ್ತೆಗಳಲ್ಲಿ ಈ ಕಾರಿನ ಉಳಿತಾಯ ಎದ್ದು ಕಾಣುತ್ತದೆ. ತಡೆಯಿಲ್ಲದ ಹೆದ್ದಾರಿಯಲ್ಲಿ ಅಷ್ಟಾಗಿ ಕಾಣದು. ಇದರ ಬ್ಯಾಟರಿ ಚಿಕ್ಕದು. ಪೂರ್ತಿ ವಿದ್ಯುತ್ ಕಾರಿಗೆ ಮೂವತ್ತು, ನಲವತ್ತು ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿ ಬೇಕಾದರೆ, ಇದಕ್ಕೆ ಒಂದು ಯೂನಿಟ್ಟಿನ ಆಸುಪಾಸು ಹಿಡಿಯುವ ಬ್ಯಾಟರಿ ಸಾಕು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜು ಮಾಡುವ ಪ್ರಮೇಯವೂ ಇಲ್ಲ. ಆದರೆ ಇದರ ಮೂಲ ಆಹಾರ ಪೆಟ್ರೋಲೇ ಎಂಬುದನ್ನು ಮರೆಯಬಾರದು. ಹೈಬ್ರಿಡ್ ಕಾರು ಪೆಟ್ರೋಲನ್ನು ಕಡಿಮೆ ಮಾಡುತ್ತದೆಯೇ ಹೊರತು ಬಿಡಿಸುವುದಿಲ್ಲ.

ಹೈಬ್ರಿಡ್‌ಗಳಲ್ಲಿಯೂ ಒಳಜಾತಿಗಳುಂಟು. ಮೇಲೆ ವರ್ಣಿಸಿದ್ದು ಪ್ರಬಲ ಹೈಬ್ರಿಡ್. ಇದು ಕೆಲವು ದೂರ ಮೋಟಾರಿನಿಂದಲೇ ಓಡಬಲ್ಲದು. ಇನ್ನೊಂದು ಸೌಮ್ಯ ಹೈಬ್ರಿಡ್. ಇದರಲ್ಲಿರುವ ಸಣ್ಣ ಮೋಟಾರು ಎಂಜಿನ್ನಿಗೆ ಹೆಗಲು ಕೊಟ್ಟೀತು, ತಾನೇ ಗಾಡಿಯನ್ನು ಎಳೆಯಲಾರದು. ಹೆಸರು ಒಂದೇ ಆದರೂ ಉಳಿತಾಯದಲ್ಲಿ ಅಂತರ ದೊಡ್ಡದು. ಈ ವ್ಯತ್ಯಾಸವನ್ನು ನೆನಪಿಟ್ಟಿರಿ. ಮುಂದೆ ಇದರಿಂದಲೇ ಒಂದು ಎಡವಟ್ಟು ಹುಟ್ಟಿತು.

ಈ ಕಾರುಗಳು ನಮ್ಮ ನೆರೆಯಲ್ಲೇ ತಯಾರಾಗುತ್ತವೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿಯನ್ನು ದಾಟಿ ಮುಂದೆ ಹೋದರೆ, ತಟ್ಟೆ ಇಡ್ಲಿಗೆ ಹೆಸರಾದ ಬಿಡದಿ. ಅಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಾರ್ಖಾನೆ ಇದೆ. ಜಪಾನಿನ ಟೊಯೋಟಾ ಸಂಸ್ಥೆಯೂ ನಮ್ಮ ಕಿರ್ಲೋಸ್ಕರ್ ಬಳಗವೂ ಕೂಡಿ 1997ರಲ್ಲಿ ಕಟ್ಟಿದ ಕಂಪನಿ ಅದು; ಅದೇ ವರ್ಷದ ಕೊನೆಯಲ್ಲಿ ಜಪಾನಿನಲ್ಲಿ ಪ್ರಿಯಸ್ ಎಂಬ ಹೈಬ್ರಿಡ್ ಕಾರು ಮಾರುಕಟ್ಟೆಗೆ ಬಂತು. ಬಿಡದಿಯಲ್ಲಿ ಉತ್ಪಾದನೆ ಶುರುವಾದದ್ದು 1999ರ ಡಿಸೆಂಬರಿನಲ್ಲಿ, ಕ್ವಾಲಿಸ್ ಎಂಬ ಗಾಡಿಯಿಂದ. 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಅಲ್ಲಿ ಜೋಡಣೆಯಾಗತೊಡಗಿತು. 2022ರಲ್ಲಿ ಹೈರೈಡರ್ ಎಂಬ ಸಾಧಾರಣ ಗಾತ್ರದ ಕಾರೂ, ಅದರ ಅವಳಿಯಂತಿರುವ ಮಾರುತಿ ಸಂಸ್ಥೆಯ ಗ್ರ್ಯಾಂಡ್ ವಿಟಾರವೂ ಬಂದವು, ಎರಡೂ ಬಿಡದಿಯವೇ. ಅದೇ ನವೆಂಬರಿನಲ್ಲಿ ಇನ್ನೋವಾ ಹೈಕ್ರಾಸ್ ಹೊರಬಂತು. ಹೈರೈಡರ್ ಹೈಬ್ರಿಡ್ಡಿಗೆ ಲೀಟರಿಗೆ 27.97 ಕಿಲೋಮೀಟರ್, ಹೈಕ್ರಾಸಿಗೆ 23.24 ಎಂದು ಕಂಪನಿ ಹೇಳಿತು. ರಸ್ತೆಯಲ್ಲಿ ಅಷ್ಟು ಸಿಗದಿದ್ದರೂ, ಎಂಟು ಜನ ಕೂರುವ ಗಾಡಿಗೆ ಅದು ಸಣ್ಣ ಮಾತಲ್ಲ. ಕಾರನ್ನು ಜೋಡಿಸುವುದಷ್ಟೇ ಅಲ್ಲ, ಎಂಜಿನ್ನಿನ ಬಲವನ್ನೂ ಮೋಟಾರಿನ ಬಲವನ್ನೂ ಬೆರೆಸಿ ಚಕ್ರಕ್ಕೆ ಮುಟ್ಟಿಸುವ ಯಂತ್ರಭಾಗವನ್ನು ಮಾಡುವ ಕಾರ್ಖಾನೆಯೂ ಬಿಡದಿಯಲ್ಲೇ ಇದೆ. ಇಂಥ ಭಾಗಗಳ ತಯಾರಿಕೆಗಾಗಿ 2022ರ ಮೇ ತಿಂಗಳಲ್ಲಿ 4,800 ಕೋಟಿ ರೂಪಾಯಿ ಹೂಡುವುದಾಗಿ ಟೊಯೋಟಾ ಬಳಗ ಕರ್ನಾಟಕ ಸರ್ಕಾರದೊಡನೆ ಒಡಂಬಡಿಕೆ ಮಾಡಿಕೊಂಡಿತು.

ಇನ್ನು ಸಹಾಯಧನದ ವಿಚಾರ. ಸಬ್ಸಿಡಿ ಎಂಬ ಮಾತು ನಮ್ಮ ಮೈಸೂರು ಸೀಮೆಯ ಇತಿಹಾಸದಲ್ಲಿ ಬಹಳ ಹಿಂದೆಯೇ ಬಂದಿದೆ, ಆದರೆ ತಿರುಗುಮುರುಗಾಗಿ. 1799ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ ಇಂಗ್ಲಿಷರಿಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕಾಗಿತ್ತು. ಅದರ ಹೆಸರೇ ಸಬ್ಸಿಡಿ. ಅಂದು ಪ್ರಜೆಯ ದುಡ್ಡು ಹೊರಗಿನವರಿಗೆ ಹೋಗುತ್ತಿತ್ತು. ಇಂದೂ ಸಬ್ಸಿಡಿ ಎಂಬುದು ಪ್ರಜೆಯ ದುಡ್ಡೇ. ಸರ್ಕಾರಕ್ಕೆ ಸ್ವಂತ ದುಡ್ಡೆಂಬುದಿಲ್ಲ. ಬೆಂಕಿಪೊಟ್ಟಣ ಕೊಂಡವನೂ ಅದಕ್ಕೆ ಪಾಲು ಕೊಟ್ಟಿರುತ್ತಾನೆ. ಆದ್ದರಿಂದ ಅದು ಯಾರ ಕೈಗೆ, ಯಾವ ಬಾಗಿಲಿನಿಂದ ಹೋಗುತ್ತದೆ ಎಂದು ಕೇಳುವ ಹಕ್ಕು ಕಾರಿಲ್ಲದವನಿಗೂ ಉಂಟು.

ಬಾಗಿಲುಗಳು ಮೂರು. ಒಂದನೆಯದು, ಕೊಳ್ಳುವವನಿಗೆ ಬೆಲೆಯಲ್ಲಿ ಕೊಡುವ ರಿಯಾಯಿತಿ. ಎರಡನೆಯದು, ತೆರಿಗೆಯನ್ನು ಕಡಿಮೆ ಮಾಡುವುದು. ಇಲ್ಲಿ ದುಡ್ಡು ಕೈಯಿಂದ ಕೈಗೆ ದಾಟುವುದಿಲ್ಲ, ಬರಬೇಕಾದದ್ದನ್ನು ಸರ್ಕಾರ ಬಿಟ್ಟುಕೊಡುತ್ತದೆ, ಅಷ್ಟೆ. ಮೂರನೆಯದು, ಕಾರ್ಖಾನೆಗೇ ಕೊಡುವ ಪ್ರೋತ್ಸಾಹ: ನೆಲ, ಮುದ್ರಾಂಕ ಶುಲ್ಕದ ವಿನಾಯಿತಿ, ಉತ್ಪಾದನೆಯ ಪ್ರಮಾಣ ನೋಡಿ ಕೊಡುವ ಧನ. ಜನ ಸಬ್ಸಿಡಿಯೆಂದು ಮಾತಾಡುವುದು ಬಹುಮಟ್ಟಿಗೆ ಮೊದಲನೆಯದನ್ನು ಕುರಿತು. ದುಡ್ಡಿನ ಲೆಕ್ಕದಲ್ಲಿ ಭಾರವಾದದ್ದು ಉಳಿದ ಎರಡು.

ಕಾರಿನ ಕೈಗಾರಿಕೆಗೆ ಸರ್ಕಾರ ಕೈಹಿಡಿಯಬೇಕೆ ಎಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. 1930ರ ದಶಕದ ನಡುವೆ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಮೋಟಾರು ಕಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಮೊದಲ ಕೆಲವು ವರ್ಷ ಸರ್ಕಾರದ ಆಸರೆ ಇಲ್ಲದೆ ಇಂಥ ಉದ್ಯಮ ಬೇರೂರದು ಎಂಬುದು ಅವರ ವಾದ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದರ ಬೆನ್ನಿಗೆ ನಿಂತರು. ಅಂದಿನ ಬ್ರಿಟಿಷ್ ಭಾರತ ಸರ್ಕಾರ ಬೆಂಬಲ ಕೊಡಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಾಲ್‌ಚಂದರಿಂದ ಬಂದದ್ದು ಕಾರಲ್ಲ, ವಿಮಾನ. ಮೈಸೂರು ಸರ್ಕಾರವೂ ಪಾಲುಗಾರನಾಗಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಅವರ ಕಾರಿನ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಆಸರೆ ಬೇಕು ಎಂದ ವಿಶ್ವೇಶ್ವರಯ್ಯನವರ ಮಾತು ಸುಳ್ಳಲ್ಲ. ಆದರೆ ಎಷ್ಟು ಕಾಲ, ಯಾವ ಷರತ್ತಿನ ಮೇಲೆ ಎಂಬುದು ಅಂದಿನಿಂದ ಇಂದಿನವರೆಗೆ ಉಳಿದುಬಂದ ಪ್ರಶ್ನೆ.

ಈಗ ಹೈಬ್ರಿಡ್ ಕಾರಿಗೆ ಬರೋಣ. 2015ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಫೇಮ್ ಎಂಬ ಯೋಜನೆಯನ್ನು ಆರಂಭಿಸಿತು. ಇಂಗ್ಲಿಷಿನ ಉದ್ದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರದು. ಕನ್ನಡದಲ್ಲಿ ಹೇಳುವುದಾದರೆ, ಹೈಬ್ರಿಡ್ ಮತ್ತು ವಿದ್ಯುತ್ ವಾಹನಗಳ ಬಳಕೆಯನ್ನೂ ತಯಾರಿಕೆಯನ್ನೂ ಬೇಗ ಹೆಚ್ಚಿಸುವ ಯೋಜನೆ. ನಾನು ಭಾಷೆಯ ವಿದ್ಯಾರ್ಥಿಯಾದ್ದರಿಂದ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ಆ ಸರ್ಕಾರಿ ಹೆಸರಿನಲ್ಲಿ 'ವಿದ್ಯುತ್' ಎಂಬ ಮಾತು ಬಯಲಿನಲ್ಲಿದೆ. 'ಹೈಬ್ರಿಡ್ ಮತ್ತು' ಎಂಬ ಮಾತುಗಳು ಆವರಣ ಚಿಹ್ನೆಯೊಳಗೆ ಕೂತಿವೆ. ಆವರಣದೊಳಗಿನ ಮಾತನ್ನು ಬಿಟ್ಟು ಓದಿದರೂ ವಾಕ್ಯಕ್ಕೆ ಕೊರತೆಯಾಗಬಾರದೆಂಬುದು ಬರವಣಿಗೆಯ ನಿಯಮ. ಹತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ, ಹೈಬ್ರಿಡ್ ಕಾರನ್ನು ಸರ್ಕಾರ ಓದಿದ್ದು ಹೀಗೆಯೇ: ಕೆಲವೊಮ್ಮೆ ಸೇರಿಸಿಕೊಂಡು, ಕೆಲವೊಮ್ಮೆ ಬಿಟ್ಟು.

ಆ ಮೊದಲ ಯೋಜನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ಡಿನಂಥ ಪ್ರಬಲ ಹೈಬ್ರಿಡ್ ಕಾರಿಗೆ ಸುಮಾರು 70,000 ರೂಪಾಯಿ ರಿಯಾಯಿತಿ ದೊರೆಯಿತು. ಜೊತೆಗೆ ಸೌಮ್ಯ ಹೈಬ್ರಿಡ್ಡಿಗೂ 13,000 ರೂಪಾಯಿ ಸಿಕ್ಕಿತು. ಸಿಯಾಜ್, ಎರ್ಟಿಗಾ ಎಂಬ ಡೀಸೆಲ್ ಕಾರುಗಳು ಸಣ್ಣ ಮೋಟಾರೊಂದನ್ನು ಸೇರಿಸಿಕೊಂಡು ಈ ಪಂಕ್ತಿಗೆ ಬಂದವು. ಬೆಲೆ ಎಟುಕುವಂತಿದ್ದುದರಿಂದ ಅವು ಬಹಳ ಮಾರಾಟವಾದವು. ಯೋಜನೆಯ ದುಡ್ಡಿನ ದೊಡ್ಡ ಪಾಲು ಅತ್ತ ಹರಿಯಿತು. ಕಂಪನಿ ಮಾಡಿದ್ದರಲ್ಲಿ ತಪ್ಪಿರಲಿಲ್ಲ; ನಿಯಮ ಬರೆದವರೇ ಹೈಬ್ರಿಡ್ ಎಂಬ ಹೆಸರಿಗೆ ಬೆಲೆ ಕಟ್ಟಿದ್ದರು. ಸರ್ಕಾರ ಎಚ್ಚೆತ್ತು 2017ರ ಏಪ್ರಿಲ್ 1ರಿಂದ ಸೌಮ್ಯ ಹೈಬ್ರಿಡ್ಡನ್ನು ಪಟ್ಟಿಯಿಂದ ತೆಗೆಯಿತು.

ಅದಾಗಿ ಮೂರು ತಿಂಗಳಿಗೆ, 2017ರ ಜುಲೈ 1ರಂದು, ಜಿ.ಎಸ್.ಟಿ. ಬಂತು. ಅದುವರೆಗೆ ಹೈಬ್ರಿಡ್ ಕಾರಿನ ಮೇಲೆ ಎಲ್ಲ ಸೇರಿ ಶೇಕಡಾ 30ರಷ್ಟಿದ್ದ ತೆರಿಗೆ, ಮೇಲುತೆರಿಗೆಯೂ ಕೂಡಿ ಶೇಕಡಾ 43ಕ್ಕೆ ಏರಿತು. ವಿದ್ಯುತ್ ಕಾರಿಗೆ ನಿಗದಿಯಾದದ್ದು ಶೇಕಡಾ 12. 2019ರ ಆಗಸ್ಟಿನಿಂದ ಅದೂ ಇಳಿದು ಶೇಕಡಾ 5 ಆಯಿತು. ಎರಡು ವರ್ಷದ ಹಿಂದೆ ಬೆನ್ನು ತಟ್ಟಿದ್ದ ಕೈಯೇ ಹೈಬ್ರಿಡ್ಡನ್ನು ಐಷಾರಾಮದ ಸಾಲಿಗೆ ತಳ್ಳಿತು. 70,000 ರೂಪಾಯಿ ಕೊಡುವ ಮೊದಲ ಬಾಗಿಲು ತೆರೆದೇ ಇತ್ತು; ಎರಡನೆಯ ಬಾಗಿಲಿನಿಂದ ಅದರ ಹಲವು ಪಟ್ಟು ಹೊರಗೆ ಹೋಗುತ್ತಿತ್ತು.

2019ರ ಏಪ್ರಿಲಿನಲ್ಲಿ ಫೇಮ್ ಯೋಜನೆಯ ಎರಡನೆಯ ಕಂತು ಶುರುವಾಯಿತು. ಒಟ್ಟು 10,000 ಕೋಟಿ ರೂಪಾಯಿ. ಅದರಲ್ಲಿ ಪ್ರಬಲ ಹೈಬ್ರಿಡ್ ಕಾರುಗಳಿಗೆ ತೆಗೆದಿಟ್ಟದ್ದು 26 ಕೋಟಿ: 20,000 ಕಾರುಗಳು, ಒಂದೊಂದಕ್ಕೆ 13,000 ರೂಪಾಯಿ, ಕಾರ್ಖಾನೆಯ ಬೆಲೆ 15 ಲಕ್ಷ ಮೀರಬಾರದು. ಎಂದರೆ ನೂರು ರೂಪಾಯಿಯಲ್ಲಿ ಇಪ್ಪತ್ತಾರು ಪೈಸೆ. ಇದಕ್ಕೆ ಹೋಲಿಸಿದರೆ ಬಸ್ಸುಗಳಿಗೆ 3,500 ಕೋಟಿಗೂ ಮಿಕ್ಕಿ ಮೀಸಲಾಗಿತ್ತು. ನಮ್ಮ ಬೆಂಗಳೂರು ಸಾರಿಗೆಯ 300 ವಿದ್ಯುತ್ ಬಸ್ಸುಗಳು ಬಂದದ್ದು ಇದೇ ಯೋಜನೆಯಿಂದ. ಬಸ್ಸಿನವನಾದ ನನಗೆ ಈ ಹಂಚಿಕೆಯ ಮೇಲೆ ಸಿಟ್ಟಿಲ್ಲ. ಆ ಕಂತು 2024ರ ಮಾರ್ಚಿಗೆ ಮುಗಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಸ್ವಂತ ಬಳಕೆಯ ಕಾರಿಗೆ, ಅದು ವಿದ್ಯುತ್ತಿನದಾದರೂ, ರಿಯಾಯಿತಿ ಇಲ್ಲ.

ಇನ್ನು ಮೂರನೆಯ ಬಾಗಿಲು. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ವಾಹನ ತಯಾರಿಕೆಗಾಗಿ 25,938 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಯನ್ನು ಒಪ್ಪಿತು. ವಾಹನದ ಮೌಲ್ಯದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ದೇಶದೊಳಗೇ ಹುಟ್ಟಬೇಕೆಂಬುದು ಅದರ ಷರತ್ತು. ಒಳ್ಳೆಯ ಷರತ್ತು. ಆದರೆ ಅದರಲ್ಲಿ ಬ್ಯಾಟರಿ ಕಾರಿಗೂ ಜಲಜನಕದ ಕೋಶದಿಂದ ಓಡುವ ವಾಹನಕ್ಕೂ ಸ್ಥಾನವುಂಟು, ಹೈಬ್ರಿಡ್ ವಾಹನಕ್ಕಿಲ್ಲ. ಕರ್ನಾಟಕವೂ 2017ರಲ್ಲೇ, ದೇಶದಲ್ಲಿ ಮೊದಲಿಗನಾಗಿ, ವಿದ್ಯುತ್ ವಾಹನ ನೀತಿಯನ್ನು ಹೊರಡಿಸಿತು. ಹೆಸರೇ ಹೇಳುವಂತೆ ಅದರ ಒಲವು ವಿದ್ಯುತ್ತಿನ ಕಡೆಗೆ. ಹೈಬ್ರಿಡ್ ಹೆಚ್ಚಾಗಿ ತಯಾರಾಗುವ ನಾಡಿನಲ್ಲೇ ಅದಕ್ಕೆ ಮನೆಯ ಮಗನ ಮರ್ಯಾದೆ ಸಿಗಲಿಲ್ಲ. ತದ್ವಿರುದ್ಧವಾಗಿ, 2024ರ ಜುಲೈನಲ್ಲಿ ಉತ್ತರ ಪ್ರದೇಶ ಸರ್ಕಾರ ಪ್ರಬಲ ಹೈಬ್ರಿಡ್ ಕಾರುಗಳಿಗೆ ನೋಂದಣಿಯ ಹೊತ್ತಿನ ತೆರಿಗೆಯನ್ನೇ ಮಾಫಿ ಮಾಡಿತು. ಬಿಡದಿಯ ಕಾರು ಆಗ ಲಖನೌದಲ್ಲಿ ಅಗ್ಗವಾಗಿತ್ತು, ಬೆಂಗಳೂರಿನಲ್ಲಿ ತುಟ್ಟಿಯಾಗಿತ್ತು!

ನನ್ನ ತಮ್ಮನ ಮಗನ ಬೆಲೆಪಟ್ಟಿಗೆ ಈಗ ಅರ್ಥ ಹೇಳಬಹುದು. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ.ಯ ದರಗಳು ಬದಲಾದವು. ನಾಲ್ಕು ಮೀಟರಿಗಿಂತ ಉದ್ದದ ಅಥವಾ ದೊಡ್ಡ ಎಂಜಿನ್ನಿನ ಹೈಬ್ರಿಡ್ ಕಾರಿಗೆ ಶೇಕಡಾ 40. ಬಿಡದಿಯ ಹೈಬ್ರಿಡ್‌ಗಳೆಲ್ಲ ಈ ವರ್ಗದವು. ಕಾರ್ಖಾನೆಯ ಬೆಲೆ 15 ಲಕ್ಷವೆಂದು ಇಟ್ಟುಕೊಳ್ಳಿ. ಹಿಂದಿನ ಶೇಕಡಾ 43ರಂತೆ ತೆರಿಗೆ 6,45,000 ರೂಪಾಯಿ, ಈಗಿನಂತೆ 6,00,000. ಅದೇ ಬೆಲೆಯ ವಿದ್ಯುತ್ ಕಾರಿಗೆ 75,000. ಹೈಬ್ರಿಡ್ಡಿಗೆ 45,000 ರೂಪಾಯಿ ಇಳಿಯಿತಲ್ಲ ಎಂದು ಸಂತೋಷಪಡಬಹುದು. ಆದರೆ ಇನ್ನೊಂದು ಮಗ್ಗುಲಿದೆ. ಮುಂಚೆ ಅದೇ ಗಾತ್ರದ ಬರಿಯ ಪೆಟ್ರೋಲ್ ಕಾರಿಗೆ ಶೇಕಡಾ 45ರಿಂದ 50ರವರೆಗೆ ತೆರಿಗೆಯಿತ್ತು. ಈಗ ಅದಕ್ಕೂ 40. ಮುಂಚಿನ ಅಷ್ಟಿಷ್ಟು ಅಂತರವೂ ಅಳಿದುಹೋಯಿತು. ಲೀಟರಿಗೆ ಇಪ್ಪತ್ತು ದಾಟುವ ಗಾಡಿಗೂ ಹನ್ನೆರಡು ದಾಟದ ಗಾಡಿಗೂ ಒಂದೇ ತೆರಿಗೆ. ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆಯೇ.

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ನ್ಯಾಯವಾಗಿ ಕೇಳಬೇಕು. ಟಾಟಾ, ಮಹೀಂದ್ರದಂಥ ಸಂಸ್ಥೆಗಳು ವಿದ್ಯುತ್ ಕಾರಿಗೆ ಅಪಾರ ಬಂಡವಾಳ ಸುರಿದಿವೆ. ಹೈಬ್ರಿಡ್ಡಿಗೂ ರಿಯಾಯಿತಿ ಕೊಟ್ಟರೆ ಜನ ಸುಲಭದ ದಾರಿ ಹಿಡಿದು, ವಿದ್ಯುತ್ ಕಾರಿಗೆ ತಿರುಗುವುದು ತಡವಾಗುತ್ತದೆ ಎಂಬುದು ಅವುಗಳ ವಾದ. ಇದರಲ್ಲಿ ಹುರುಳಿಲ್ಲದಿಲ್ಲ. ನಾವು ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಹೊರದೇಶದ್ದು. ಹೈಬ್ರಿಡ್ ಆ ಹಂಗನ್ನು ತಗ್ಗಿಸುತ್ತದೆ, ಕಳೆಯುವುದಿಲ್ಲ. ಹೈಬ್ರಿಡ್ ಪಕ್ಷದವರು ಹೇಳುತ್ತಾರೆ: ನಮ್ಮ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿನಷ್ಟು ಕಲ್ಲಿದ್ದಲಿನಿಂದ ಬರುವುದು, ಹಾಗಾಗಿ ವಿದ್ಯುತ್ ಕಾರಿನ ಹೊಗೆ ಬೇರೆಲ್ಲೋ ಏಳುತ್ತದೆ, ಒಂದು ವಿದ್ಯುತ್ ಕಾರಿನ ಬ್ಯಾಟರಿಯ ಸಾಮಗ್ರಿಯಲ್ಲಿ ಹಲವಾರು ಹೈಬ್ರಿಡ್ಡುಗಳನ್ನು ಮಾಡಬಹುದು, ಚಾರ್ಜು ಮಾಡಲು ಜಾಗವಿಲ್ಲದವರು ಏನು ಮಾಡಬೇಕು? ಇದೂ ನಿಜ. ಮೂವತ್ತು–ನಲವತ್ತರ ನಿವೇಶನದಲ್ಲಿ ಮೂರು ಸಂಸಾರಗಳಿರುವ ನಮ್ಮ ರಾಜಾಜಿನಗರದ ಬೀದಿಗಳಲ್ಲಿ ಕಾರುಗಳೆಲ್ಲ ರಸ್ತೆಯ ಮೇಲೇ ಮಲಗುತ್ತವೆ; ಮೂರನೆಯ ಮಹಡಿಯಿಂದ ತಂತಿ ಇಳಿಬಿಡಲಾದೀತೆ? ಕೇಂದ್ರದ ಮಂತ್ರಿ ನಿತಿನ್ ಗಡ್ಕರಿಯವರೇ 2024ರಲ್ಲಿ ಹೈಬ್ರಿಡ್ಡಿನ ತೆರಿಗೆ ಇಳಿಯಬೇಕೆಂದು ಬಹಿರಂಗವಾಗಿ ಹೇಳಿದ್ದರು. ಒಂದೇ ಸರ್ಕಾರದೊಳಗೂ ಎರಡು ದನಿ.

ಮೂರನೆಯ ವಾದವೊಂದಿದೆ, ಅದು ಕಾರಿಲ್ಲದವರದು. ಹದಿನೈದು, ಇಪ್ಪತ್ತೈದು ಲಕ್ಷ ಕೊಟ್ಟು ಕಾರು ಕೊಳ್ಳಬಲ್ಲವನಿಗೆ ಸಾರ್ವಜನಿಕರ ದುಡ್ಡಿನಿಂದ ನೆರವೇಕೆ? ನನ್ನ ಮಟ್ಟಿಗೆ ಇದು ಗಟ್ಟಿಯಾದ ವಾದ. ಕೊಳ್ಳುವವನ ಕೈಗೆ ದುಡ್ಡು ಕೊಡುವ ಮೊದಲ ಬಾಗಿಲು ಖಾಸಗಿ ಕಾರಿಗೆ ಮುಚ್ಚಿದ್ದು ಸರಿಯೆಂದೇ ನನಗೆ ತೋರುತ್ತದೆ. ಆದರೆ ತೆರಿಗೆಯ ಮಾತು ಬೇರೆ. ತೆರಿಗೆ ಹೇಗೂ ಹಾಕುತ್ತೇವೆ. ಹಾಕುವಾಗ ಹೆಚ್ಚು ಉರಿಸುವವನ ಮೇಲೆ ಹೆಚ್ಚು, ಕಡಿಮೆ ಉರಿಸುವವನ ಮೇಲೆ ಕಡಿಮೆ ಎಂದು ಹಾಕಿದರೆ ಅದು ದಾನವಲ್ಲ, ನ್ಯಾಯ. ಹೈಬ್ರಿಡ್ಡೋ ವಿದ್ಯುತ್ತೋ ಎಂದು ಹೆಸರು ಕೇಳಬೇಕಾದ ಅಗತ್ಯವೇ ಇಲ್ಲ. ಕಿಲೋಮೀಟರಿಗೆ ಎಷ್ಟು ಉರಿಸುತ್ತದೆ, ಎಷ್ಟು ಹೊಗೆ ಬಿಡುತ್ತದೆ ಎಂದು ಅಳೆದರೆ ಸಾಕು. ಹೆಸರಿಗೆ ದುಡ್ಡು ಕಟ್ಟಿದರೆ ಏನಾಗುತ್ತದೆಂಬುದನ್ನು ಸೌಮ್ಯ ಹೈಬ್ರಿಡ್ಡಿನ ಪ್ರಕರಣ ನಮಗೆ ಕಲಿಸಿದೆ.

ಕಾರ್ಖಾನೆಗೆ ಕೊಡುವ ನೆರವಿನಲ್ಲಿ ಮಾತ್ರ ಇನ್ನೊಂದು ಮೌಲ್ಯ ಎಲ್ಲಕ್ಕಿಂತ ದೊಡ್ಡದು: ಕೊಟ್ಟ ಮಾತು ನಿಲ್ಲುವುದು. ಹೊಸ ಕಾರೊಂದನ್ನು ರೂಪಿಸಿ ತಯಾರಿಗೆ ತರಲು ನಾಲ್ಕೈದು ವರ್ಷ ಹಿಡಿಯುತ್ತದೆ. ಕಾರ್ಖಾನೆ ಇಪ್ಪತ್ತು, ಮೂವತ್ತು ವರ್ಷ ನಿಲ್ಲಬೇಕು. 2015ರಲ್ಲಿ ಒಂದು ನೀತಿ, 2017ರಲ್ಲಿ ಎರಡು, 2019ರಲ್ಲಿ ಮತ್ತೊಂದು, 2025ರಲ್ಲಿ ಇನ್ನೊಂದು ಎಂದಾದರೆ ಯಾರು ಯಾವುದನ್ನು ನಂಬಿ ಕಟ್ಟಬೇಕು? 2020ರ ಸೆಪ್ಟೆಂಬರಿನಲ್ಲಿ ಬಿಡದಿಯ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು, ಇಷ್ಟು ತೆರಿಗೆಯಿದ್ದರೆ ಇಲ್ಲಿ ಕಾರ್ಖಾನೆ ಬೆಳೆಸುವುದಿಲ್ಲವೆಂದು ಹೇಳಿದ್ದು ದೊಡ್ಡ ಸುದ್ದಿಯಾಯಿತು. ಸರ್ಕಾರದ ಕಡೆಯಿಂದ ಕೂಡಲೆ ಅಲ್ಲಗಳೆಯುವ ಮಾತು ಬಂತು. ಸಂಸ್ಥೆಯ ವಿಕ್ರಂ ಕಿರ್ಲೋಸ್ಕರ್ ಅವರು 2,000 ಕೋಟಿಗೂ ಹೆಚ್ಚು ಹೂಡಿಕೆ ನಡೆದಿದೆಯೆಂದು ಸಾರಿದರು. ಅದಾದ ಎರಡೇ ತಿಂಗಳಿಗೆ ಅದೇ ಕಾರ್ಖಾನೆಯಲ್ಲಿ ಮುಷ್ಕರವೂ ಬೀಗಮುದ್ರೆಯೂ ನಡೆದವು. ದೊಡ್ಡವರು ದೆಹಲಿಗೆ ಹೋಗಿ ತಮ್ಮ ಮಾತು ಹೇಳಬಲ್ಲರು. ಕಾರ್ಮಿಕನ ಮಾತೂ, ಬಿಡಿಭಾಗ ಮಾಡುವ ಚಿಕ್ಕವನ ಮಾತೂ ಅಷ್ಟು ದೂರ ಕೇಳಿಸುವುದಿಲ್ಲ. ಆದ್ದರಿಂದ ಕಾರ್ಖಾನೆಗೆ ನೆರವು ಕೊಡುವಾಗ ಮೂರು ಸಂಗತಿಗಳನ್ನು ಮೊದಲೇ ಬರೆದಿಡಬೇಕು: ಎಷ್ಟು ವರ್ಷ, ಎಂದು ಕೊನೆ, ಮತ್ತು ಅದಕ್ಕೆ ಬದಲಾಗಿ ಈ ನೆಲದಲ್ಲಿ ಎಷ್ಟು ಭಾಗಗಳು ತಯಾರಾಗಿ ಎಷ್ಟು ಜನಕ್ಕೆ ಭದ್ರವಾದ ಕೆಲಸ ಸಿಗುತ್ತದೆ. ಬರೆದ ಮೇಲೆ ನಡುದಾರಿಯಲ್ಲಿ ಅಳಿಸಬಾರದು. ಅವಧಿ ಮುಗಿದ ಮೇಲೆ ಉದ್ದವೂ ಮಾಡಬಾರದು.

ವಿದ್ಯುತ್ ಕಾರಿನಲ್ಲಿ ಎಂಜಿನ್ನಿಲ್ಲ. ಆದ್ದರಿಂದ ಪಿಸ್ಟನ್ನಿಲ್ಲ, ವಾಲ್ವಿಲ್ಲ, ಸೈಲೆನ್ಸರಿಲ್ಲ. ಪೀಣ್ಯ, ರಾಜಾಜಿನಗರಗಳ ಎಷ್ಟೋ ಸಣ್ಣ ವರ್ಕ್‌ಷಾಪುಗಳ ಅನ್ನ ಅಲ್ಲಿದೆ. ಹೈಬ್ರಿಡ್ಡಿನಲ್ಲಿ ಎಂಜಿನ್ನೂ ಉಂಟು, ಮೋಟಾರೂ ಉಂಟು. ಹಳೆಯ ಕೆಲಸ ಬಿಡದೆ ಹೊಸತನ್ನು ಕಲಿಯಲು ಅದು ಹತ್ತು ಹದಿನೈದು ವರ್ಷದ ಎಡೆ ಕೊಟ್ಟೀತು. ನಮ್ಮ ರಾಜಾಜಿನಗರದ ಮಗ್ಗುಲಲ್ಲೇ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ 1946ರಲ್ಲಿ ಹುಟ್ಟಿ ವಿದ್ಯುತ್ ಮೋಟಾರುಗಳನ್ನು ಮಾಡಿತು. ಇಲ್ಲಿನ ಕೈಗಳಿಗೆ ಮೋಟಾರು ಅಪರಿಚಿತವಲ್ಲ. ಬೇಕಾದದ್ದು ಕಾಲಾವಕಾಶ ಮತ್ತು ನಂಬಬಹುದಾದ ಒಂದು ಮಾತು.

ಇದನ್ನೆಲ್ಲ ನನ್ನ ವಿದ್ಯಾರ್ಥಿಗೆ ವಿವರಿಸಿದೆ. ಅವನು ಮೊದಲು ಕಲಿಯುತ್ತಿದ್ದಾಗ ಇದ್ದಂತೆಯೇ ತಾಳ್ಮೆಯಿಂದ ಕೇಳಿದ. ಕೊನೆಗೆ, "ಅಂದ್ರೆ ಸರ್ಕಾರದ ಮನಸ್ಸು ಯಾವ ಕಡೆ ಅಂತ ಹೇಳೋಕಾಗಲ್ಲ, ಅಲ್ವೇ ಮೇಷ್ಟ್ರೇ?" ಎಂದ. ನಾನು ಹೌದೆಂದೆ.

ಕಳೆದ ವಾರ ಅವನ ವರ್ಕ್‌ಷಾಪಿಗೆ ಹೋಗಿದ್ದೆ. ಹೊಸ ಮೆಷೀನನ್ನು ಅವನು ತರಲಿಲ್ಲ. ಯಾರೋ ಮುಚ್ಚಿದ ಕಾರ್ಖಾನೆಯಿಂದ ಹಳೆಯದೊಂದನ್ನು ಎರಡು ವರ್ಷದ ಕಂತಿಗೆ ತಂದು ನಿಲ್ಲಿಸಿದ್ದಾನೆ. ಐ.ಟಿ.ಐ. ಮುಗಿಸಿದ ಇಬ್ಬರು ಹುಡುಗರನ್ನು ತೆಗೆದುಕೊಳ್ಳುವುದಾಗಿ ಮೊದಲು ಹೇಳಿದ್ದ. ಅವರಿಗೆ ಸದ್ಯಕ್ಕೆ ಬೇಡವೆಂದು ಹೇಳಿ ಕಳಿಸಿದನಂತೆ.